ಕೈಕಾಲು ತಣ್ಣಗಿದ್ದರೆ ಎಲ್ಲಿಂದ ಹುಡುಕಬೇಕು

"ಮೈಯೆಲ್ಲ ಬೆಚ್ಚಗೇ ಇದೆ, ಕೈಕಾಲು ಮಾತ್ರ ಯಾವಾಗಲೂ ತಣ್ಣಗೆ" ಎಂದು ಯಾರಾದರೂ ಹೇಳಿದರೆ ಮನೆಯಲ್ಲಿ ಸಿಗುವ ಉತ್ತರ ಒಂದೇ: ರಕ್ತ ಸರಿಯಾಗಿ ಓಡಾಡುತ್ತಿಲ್ಲ. ಅದರ ಬೆನ್ನಿಗೇ ಎಳ್ಳೆಣ್ಣೆ, ಕಾಲುಚೀಲ, ಬಿಸಿನೀರಿನ ಚೀಲ. ಕೆಲವರ ಮಟ್ಟಿಗೆ ಆ ಉತ್ತರ ನಿಜ. ಆದರೆ ಅದೇ ದೂರು ಹೇಳುವ ಇನ್ನೊಬ್ಬರ ಕಾಲಿನಲ್ಲಿ ರಕ್ತ ಚೆನ್ನಾಗಿಯೇ ಹರಿಯುತ್ತಿರುತ್ತದೆ, ಕೆಟ್ಟಿರುವುದು ನರ. ಮತ್ತೊಬ್ಬರಲ್ಲಿ ನರವೂ ಸರಿ, ರಕ್ತನಾಳವೂ ಸರಿ, ಥೈರಾಯ್ಡ್ ಕಡಿಮೆ. ಮೂವರಿಗೂ ಒಂದೇ ಬಿಸಿನೀರಿನ ಚೀಲ ಕೊಟ್ಟರೆ ಒಬ್ಬರಿಗೆ ಹಿತವಾಗುತ್ತದೆ, ಒಬ್ಬರಿಗೆ ಏನೂ ಆಗುವುದಿಲ್ಲ, ಒಬ್ಬರ ಕಾಲು ಸುಡುತ್ತದೆ.

ಹಾಗಾಗಿ ಕಾರಣಗಳ ಪಟ್ಟಿಗಿಂತ ಹುಡುಕುವ ಕ್ರಮ ಮುಖ್ಯ. ಮುಟ್ಟಿದವರಿಗೂ ತಣ್ಣಗಿದೆಯೇ? ಒಂದು ಕಡೆಯೋ, ಎರಡೂ ಕಡೆಯೋ? ಬಣ್ಣ ಬದಲಾಗುತ್ತದೆಯೇ? ಇಡೀ ಮೈಯಲ್ಲಿ ಬೇರೇನಾದರೂ ಬದಲಾವಣೆ ಇದೆಯೇ? ಈ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಂಡರೆ ಹೆಚ್ಚಿನವರಿಗೆ ತಾವು ಯಾವ ವೈದ್ಯರ ಬಳಿ, ಯಾವ ತಪಾಸಣೆಗೆ, ಎಷ್ಟು ಬೇಗ ಹೋಗಬೇಕು ಎನ್ನುವುದು ಗೊತ್ತಾಗುತ್ತದೆ. ರೋಗ ಯಾವುದೆಂದು ಕೊನೆಗೆ ಹೇಳಬೇಕಾದವರು ವೈದ್ಯರೇ. ಆದರೆ ಅವರಿಗೆ ಬೇಕಾದ ಅರ್ಧ ಮಾಹಿತಿ ಮನೆಯಲ್ಲಷ್ಟೇ ಸಿಗುತ್ತದೆ.

ಮುಂದೆ ಓದದೆ ಹೊರಡಬೇಕಾದ ಸಂದರ್ಭಗಳು

ಒಂದೇ ಕಾಲು ಅಥವಾ ಒಂದೇ ಕೈ ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ತಡೆಯಲಾರದ ನೋವು ಬಂದರೆ ಅದು ರಕ್ತನಾಳ ಕಟ್ಟಿಕೊಂಡ ಲಕ್ಷಣ. ಹೃದಯದಲ್ಲಿ ಅಥವಾ ದೊಡ್ಡ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಹರಿದುಬಂದು ಕೈಗೋ ಕಾಲಿಗೋ ಹೋಗುವ ದಾರಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಎದೆಬಡಿತ ತಾಳ ತಪ್ಪಿದವರು, ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಟ್ಟವರು ಇದಕ್ಕೆ ಹೆಚ್ಚು ಗುರಿಯಾಗುತ್ತಾರೆ. ಬೆರಳು ಜೋಮು ಹಿಡಿದಂತಾಗಿ ಅಲ್ಲಾಡಿಸಲು ಆಗದಿದ್ದರೆ ನರ ಮತ್ತು ಮಾಂಸಖಂಡ ಸಾಯಲು ಶುರುವಾಗಿದೆ ಎಂದು ಅರ್ಥ. ಸುಮಾರು 6 ಗಂಟೆಯೊಳಗೆ ರಕ್ತ ಮತ್ತೆ ಹರಿಯುವಂತೆ ಮಾಡಿದರೆ ಕಾಲು ಉಳಿಯುವ ಸಾಧ್ಯತೆ ಹೆಚ್ಚು. ಎಣ್ಣೆ ತಿಕ್ಕುತ್ತಾ, "ಬೆಳಗಾಗಲಿ ನೋಡೋಣ" ಎನ್ನುತ್ತಾ ಕೂರುವ ರಾತ್ರಿಯಲ್ಲಿ ಆ 6 ಗಂಟೆ ಕಳೆದುಹೋಗುತ್ತದೆ. 108ಕ್ಕೆ ಕರೆ ಮಾಡಿ, ರಕ್ತನಾಳದ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ದಾರಿಯಲ್ಲಿ ಕಾಲಿಗೆ ಶಾಖ ಕೊಡಬೇಡಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಬೇಡಿ.

ಎರಡನೆಯದು ಜ್ವರ. ಜ್ವರ ಏರುವ ಹೊತ್ತಿನಲ್ಲಿ ಮಕ್ಕಳ ಕೈಕಾಲು ತಣ್ಣಗಾಗಿ, ಹೊಟ್ಟೆ ಮತ್ತು ತಲೆ ಸುಡುವುದು ಸಾಮಾನ್ಯ. ಜ್ವರ ಏರಿ ನಿಂತ ಮೇಲೆ ಕೈಕಾಲೂ ಬೆಚ್ಚಗಾಗುತ್ತವೆ. ಅಪಾಯ ಇರುವುದು ಇದಕ್ಕೆ ತಿರುಗುಮುರುಗಾದ ಸ್ಥಿತಿಯಲ್ಲಿ: ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯಿತು, ಆದರೆ ಮಗು ಮಂಕಾಗಿದೆ, ಹೊಟ್ಟೆನೋವು ಎನ್ನುತ್ತಿದೆ, ವಾಂತಿ ನಿಲ್ಲುತ್ತಿಲ್ಲ, ಅಂಗೈ ಅಂಗಾಲು ತಣ್ಣಗೆ ಅಂಟಂಟಾಗಿವೆ. ಡೆಂಗಿಯಲ್ಲಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುವುದು ಈ ಹಂತದಲ್ಲೇ. ಮೈಯೊಳಗೆ ರಕ್ತದ ಪ್ರಮಾಣ ಕುಸಿದಾಗ ದೇಹ ಕೈಕಾಲಿನ ಪಾಲನ್ನು ಕಡಿತ ಮಾಡಿ ಹೃದಯ, ಮೆದುಳಿಗೆ ಕಳಿಸುತ್ತದೆ. ಬಿಪಿಯ ಮೇಲಿನ ಸಂಖ್ಯೆಗೂ ಕೆಳಗಿನ ಸಂಖ್ಯೆಗೂ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ಶಾಕ್, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದೆ ಜೀವಕ್ಕೆ ಅಪಾಯವಿರುವ ಸ್ಥಿತಿ. ಮನೆಯವರು "ಜ್ವರ ಬಿಟ್ಟಿತು" ಎಂದು ನಿಟ್ಟುಸಿರು ಬಿಡುವ ದಿನವೇ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದ ದಿನ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದು ನೆನಪಿರಬಹುದು. ಪ್ಲೇಟ್‌ಲೆಟ್ ಸಂಖ್ಯೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ತಣ್ಣನೆಯ ಅಂಗಾಲಿನ ಬಗ್ಗೆ ಮಾತಾಡುವವರು ಕಡಿಮೆ. ಅಂಗಾಲು ಮುಟ್ಟಿ ನೋಡಲು ಲ್ಯಾಬ್ ಬೇಡ.

ಹಸುಗೂಸಿನ ವಿಷಯ ಬೇರೆ. ಮುಂಗೈ ಬೆನ್ನಿನಿಂದ ಮಗುವಿನ ಹೊಟ್ಟೆಯನ್ನೂ ಅಂಗಾಲನ್ನೂ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮಗುವಿಗೆ ಚಳಿ ಹತ್ತಿದೆ: ಒದ್ದೆ ಬಟ್ಟೆ ತೆಗೆದು, ಟೋಪಿ ಹಾಕಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ, ಮೇಲೆ ಹೊದಿಸಿ, ಹಾಲೂಡಿಸಬೇಕು. ಹೊಟ್ಟೆ, ಅಂಗಾಲು ಎರಡೂ ತಣ್ಣಗಿದ್ದರೆ, ಅಥವಾ ಮಗು ಹಾಲು ಕುಡಿಯದೆ ಜೋತುಬಿದ್ದಿದ್ದರೆ, ಹಾಗೇ ಎದೆಗವಚಿಕೊಂಡೇ ಆಸ್ಪತ್ರೆಗೆ ಹೊರಡಿ.

ಇನ್ನು ತಣ್ಣನೆ ಬೆವರು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೈ ನಡುಗಿ, ತಣ್ಣಗೆ ಬೆವತು, ತಲೆ ತಿರುಗಿದರೆ ಶುಗರ್ 70ಕ್ಕಿಂತ ಕೆಳಗಿಳಿದಿರಬಹುದು. ಗ್ಲುಕೋಮೀಟರ್ ಕೈಗೆ ಸಿಗದಿದ್ದರೂ ತಡಮಾಡದೆ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಎದೆ ಒತ್ತಿದಂತಾಗಿ ತಣ್ಣನೆ ಬೆವರು ಬಂದರೆ ಹೃದಯಾಘಾತವೆಂದೇ ತಿಳಿದು ಹೊರಡಬೇಕು.

ಮೊದಲ ಪ್ರಶ್ನೆ: ತಣ್ಣಗಿರುವುದು ಯಾರಿಗೆ?

ಮೇಲಿನ ಯಾವುದೂ ಇಲ್ಲ, ತಿಂಗಳುಗಳಿಂದ ಇದೇ ಕಥೆ ಎಂದಾದರೆ ಪರೀಕ್ಷೆ ಇಲ್ಲಿಂದ ಶುರುವಾಗಲಿ. ಮನೆಯಲ್ಲಿ ಇನ್ನೊಬ್ಬರನ್ನು ಕರೆಯಿರಿ. ಅವರ ಮುಂಗೈ ಬೆನ್ನನ್ನು ನಿಮ್ಮ ಮೊಣಕಾಲಿನಿಂದ ಪಾದದವರೆಗೆ ನಿಧಾನವಾಗಿ ಇಳಿಸಲಿ, ಆಮೇಲೆ ಇನ್ನೊಂದು ಕಾಲಿಗೂ ಹಾಗೇ ಮಾಡಲಿ. ಅಂಗೈಗಿಂತ ಮುಂಗೈ ಬೆನ್ನಿಗೆ ಬಿಸಿ ತಣ್ಣಗಿನ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಈ ಒಂದು ನಿಮಿಷದ ಕೆಲಸವನ್ನು ಬಹಳ ಮಂದಿ ಮಾಡಿರುವುದೇ ಇಲ್ಲ.

ನನಗೆ ಪರಿಚಯದ ಹಿರಿಯರೊಬ್ಬರು ಫ್ಯಾನ್ ಆರಿಸಿ, ಒಂದರ ಮೇಲೊಂದು ಎರಡು ಜೊತೆ ಕಾಲುಚೀಲ ಹಾಕಿ ಮಲಗುತ್ತಿದ್ದರು. ಒಂದು ಸಂಜೆ ಚೀಲ ಬಿಚ್ಚಿಸಿ, ಅವರ ಹೆಂಡತಿಗೆ ಪಾದ ಮುಟ್ಟಿ ನೋಡಲು ಹೇಳಿದೆವು. "ಏನ್ರೀ ಇದು, ಬೆಚ್ಚಗೇ ಇದೆಯಲ್ಲ" ಎಂದರು ಅವರು. "ಬೆಚ್ಚಗೆಲ್ಲಿದೆ, ಮಂಡಿಯಿಂದ ಕೆಳಗೆ ಕೊರೀತಾ ಇದೆ ಕಣೇ" ಎಂದು ಇವರು. ಇಬ್ಬರೂ ಹೇಳಿದ್ದು ನಿಜವೇ. ಹಳೆಯ ಶುಗರ್ ಇದ್ದ ಅವರ ಪಾದಕ್ಕೆ ರಕ್ತ ಬರುತ್ತಿತ್ತು, ಚರ್ಮ ಬೆಚ್ಚಗಿತ್ತು. ಪಾದದ ಸುದ್ದಿಯನ್ನು ಮೆದುಳಿಗೆ ಒಯ್ಯುವ ಸಣ್ಣ ನರಗಳು ಮಾತ್ರ ಸುಳ್ಳು ಸುದ್ದಿ ಒಯ್ಯುತ್ತಿದ್ದವು. ಕಿರುಬೆರಳ ಬುಡದಲ್ಲಿ, ಅವರಿಗೇ ಗೊತ್ತಿಲ್ಲದೆ, ಚಪ್ಪಲಿಯ ಹೊಲಿಗೆ ಒತ್ತಿ ಒಂದು ಬೊಬ್ಬೆ ಎದ್ದಿತ್ತು.

ಮುಟ್ಟಿದವರಿಗೆ ಬೆಚ್ಚಗಿದ್ದು ನಿಮಗೆ ಮಾತ್ರ ತಣ್ಣಗೆನಿಸಿದರೆ ನರದ ಕಡೆಗೆ ಹೋಗಬೇಕು. ಶುಗರ್ ಇದರಲ್ಲಿ ಮೊದಲನೆಯದು. ಲಕ್ಷಣ ಎರಡೂ ಪಾದದ ಬೆರಳತುದಿಯಿಂದ ಶುರುವಾಗಿ, ಕಾಲುಚೀಲ ಮುಚ್ಚುವಷ್ಟು ಜಾಗಕ್ಕೆ ಮೆಲ್ಲಗೆ ಏರುತ್ತದೆ. ಕೆಲವರಿಗೆ ಕೊರೆತ, ಕೆಲವರಿಗೆ ಉರಿ, ಕೆಲವರಿಗೆ ಹತ್ತಿಯ ಮೇಲೆ ನಡೆದಂತೆ. ರಾತ್ರಿ ಹೆಚ್ಚು. ಎರಡನೆಯದು ಬಿ12 ವಿಟಮಿನ್ ಕೊರತೆ. ಹಾಲು ಮೊಸರೂ ಕಡಿಮೆ ತಿನ್ನುವ ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಎನ್ನುವ ಶುಗರ್ ಮಾತ್ರೆ ನುಂಗಿದವರಲ್ಲಿ ಇದನ್ನು ನೋಡಲೇಬೇಕು. ಶುಗರ್ ಇರುವವರ ಕಾಲು ಜುಮುಗುಟ್ಟಿದರೆ ಎಲ್ಲವನ್ನೂ ಶುಗರ್ ತಲೆಗೇ ಕಟ್ಟಿ ಬಿ12 ನೋಡದೆ ಬಿಡುವುದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಬೇಗ ಗೊತ್ತಾದರೆ ಸರಿಪಡಿಸಬಹುದಾದ ಕೊರತೆ ಅದು. ಬಹಳ ಕಾಲದ ಕುಡಿತವೂ ನರವನ್ನು ಹೀಗೇ ಕೆಡಿಸುತ್ತದೆ. ಮೈಮೇಲೆ ತಿಳಿಬಣ್ಣದ ಮಚ್ಚೆ ಇದ್ದು, ಅಲ್ಲಿ ಬಿಸಿ ತಣ್ಣಗೆ ಎರಡೂ ಗೊತ್ತಾಗದಿದ್ದರೆ ಕುಷ್ಠವಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧ ಉಚಿತ, ಪೂರ್ತಿ ಗುಣವಾಗುತ್ತದೆ.

ಕೈಗೆ ಬಂದರೆ: ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಮರಗಟ್ಟಿ, ಎದ್ದು ಕೈ ಕೊಡವಿದರೆ ಸರಿಹೋಗುತ್ತದೆ ಎಂದಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಸಾಧ್ಯತೆ ಹೆಚ್ಚು.

ನರ ಕೆಟ್ಟವರಿಗೆ ಒಂದು ಮಾತು ಒತ್ತಿ ಹೇಳಬೇಕು. ಬಿಸಿನೀರಿನ ಚೀಲ, ಎಲೆಕ್ಟ್ರಿಕ್ ಹೀಟಿಂಗ್ ಪ್ಯಾಡ್, ಒಲೆ ಮುಂದೆ ಕಾಲು ಕಾಯಿಸುವುದು, ಬಕೆಟ್ ಬಿಸಿನೀರಿನಲ್ಲಿ ಪಾದ ಅದ್ದಿಡುವುದು, ಇವು ಯಾವುವೂ ಬೇಡ. ಬಿಸಿ ತಿಳಿಯದ ಚರ್ಮ ಬೊಬ್ಬೆ ಏಳುವವರೆಗೂ ಸುಮ್ಮನಿರುತ್ತದೆ. ಶುಗರ್ ಇರುವವರ ಪಾದದಲ್ಲಿ ಎದ್ದ ಬೊಬ್ಬೆ ಹುಣ್ಣಾಗಿ, ಹುಣ್ಣು ಮೂಳೆಗಿಳಿದು ಬೆರಳು ತೆಗೆಯಬೇಕಾಗಿ ಬರುವುದು ಅಪರೂಪವಲ್ಲ. ಸ್ನಾನದ ನೀರನ್ನು ಪಾದದಿಂದ ಪರೀಕ್ಷಿಸಬಾರದು, ಮೊಣಕೈ ಅದ್ದಿ ನೋಡಬೇಕು, ಅಥವಾ ಮನೆಯ ಇನ್ನೊಬ್ಬರು ನೋಡಿ ಹೇಳಬೇಕು. ಸಡಿಲವಾದ ಹತ್ತಿಯ ಕಾಲುಚೀಲ ಸಾಕು. ಪ್ರತಿ ರಾತ್ರಿ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಲಿ.

ಮುಟ್ಟಿದವರಿಗೂ ತಣ್ಣಗಿದೆ. ಒಂದು ಕಡೆಯೋ, ಎರಡೂ ಕಡೆಯೋ?

ಬೆರಳತುದಿ, ಅಂಗೈ, ಅಂಗಾಲುಗಳ ಚರ್ಮದಡಿ ಶುದ್ಧ ರಕ್ತದ ನಾಳವನ್ನೂ ಅಶುದ್ಧ ರಕ್ತದ ನಾಳವನ್ನೂ ನೇರವಾಗಿ ಜೋಡಿಸುವ ಸಣ್ಣ ಅಡ್ಡದಾರಿಗಳಿವೆ. ಸೆಕೆಯಾದಾಗ ಅವು ತೆರೆದು ಬಿಸಿ ರಕ್ತ ಚರ್ಮಕ್ಕೆ ನುಗ್ಗುತ್ತದೆ, ಚಳಿಯಾದಾಗ ಮುಚ್ಚಿಕೊಳ್ಳುತ್ತವೆ. ನಲ್ಲಿ ತಿರುಗಿಸಿದ ಹಾಗೆ ಇದನ್ನು ತೆರೆದು ಮುಚ್ಚುವುದು ನಮ್ಮ ಇಚ್ಛೆಗೆ ಒಳಪಡದ ನರವ್ಯೂಹ. ಗಾಬರಿಯಾದಾಗ, ಸಂದರ್ಶನಕ್ಕೆ ಕೂತಾಗ ಅಂಗೈ ತಣ್ಣಗಾಗುವುದು ಇದರಿಂದಲೇ. ಮೈ ಒಳಗಿನ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು, ಅದಕ್ಕಾಗಿ ದೇಹ ಬೆರಳುಗಳನ್ನು ತಣ್ಣಗಿಡಲು ಸಿದ್ಧ. ಹಾಗಾಗಿ ಎರಡೂ ಕೈ, ಎರಡೂ ಕಾಲು ಒಂದೇ ಸಮ ತಣ್ಣಗಿದ್ದರೆ ಕಾರಣ ಇಡೀ ಮೈಗೆ ಸೇರಿದ್ದಾಗಿರುತ್ತದೆ, ಅಥವಾ ಬರೀ ಚಳಿ. ಒಂದೇ ಕಡೆ ತಣ್ಣಗಿದ್ದರೆ ಆ ಕಡೆಯ ನಾಳದಲ್ಲೇ ಏನೋ ಅಡ್ಡ ಇದೆ. ಒಂದು ಕಡೆ ಮಾತ್ರ ತಣ್ಣಗಿರುವುದನ್ನು, ನೋವಿಲ್ಲದಿದ್ದರೂ, ಕಡೆಗಣಿಸಬಾರದು.

ಕಾಲಿನ ನಾಡಿಯನ್ನು ನೀವೇ ಹುಡುಕಬಹುದು. ಕಾಲು ಚಾಚಿ ಕೂತು ಹೆಬ್ಬೆರಳನ್ನು ಮೇಲಕ್ಕೆತ್ತಿ. ಪಾದದ ಮೇಲೆ ಒಂದು ಸ್ನಾಯುವಿನ ದಾರ ಎದ್ದು ಕಾಣುತ್ತದೆ. ಬೆರಳು ಸಡಿಲ ಬಿಟ್ಟು, ಆ ದಾರದ ಪಕ್ಕ, ಕಿರುಬೆರಳ ಕಡೆಗೆ, ಪಾದದ ನಡುಭಾಗದಲ್ಲಿ ಎರಡು ಬೆರಳನ್ನು ಹಗುರವಾಗಿ ಇಡಿ. ಒತ್ತಿದರೆ ಸಿಗುವುದಿಲ್ಲ, ಹೂ ಮುಟ್ಟುವಷ್ಟೇ ಇರಬೇಕು. ಸಿಗದಿದ್ದರೆ ಕಣಕಾಲಿನ ಒಳಬದಿಯ ಗಂಟಿನ ಹಿಂದೆ ನೋಡಿ. ಆರೋಗ್ಯವಂತರಲ್ಲೂ ಕೆಲವರಿಗೆ ಪಾದದ ಮೇಲಿನ ನಾಡಿ ಸಿಗುವುದಿಲ್ಲ. ಹಾಗಾಗಿ ಎರಡೂ ಜಾಗ ನೋಡದೆ, ಎರಡೂ ಕಾಲು ಹೋಲಿಸದೆ ಗಾಬರಿಯಾಗಬೇಡಿ.

ನಾಡಿ ಕ್ಷೀಣವಾಗಿದ್ದು ಇದೂ ಸೇರಿದರೆ ಗಮನ ಕೊಡಿ: ಇಂತಿಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ನಿಮಿಷ ನಿಂತರೆ ಬಿಡುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಕೊಬ್ಬು ಕಟ್ಟಿ ಕಾಲಿನ ರಕ್ತನಾಳ ಕಿರಿದಾದವರ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಮೊಣಕಾಲ ಕೆಳಗಿನ ಕೂದಲು ಉದುರಿ ಚರ್ಮ ಹೊಳೆಯುವುದು, ಗಾಯ ವಾರಗಟ್ಟಲೆ ಮಾಯದಿರುವುದು ಜೊತೆಗಿರಬಹುದು. ರಾತ್ರಿ ಮಲಗಿದಾಗ ಪಾದ ನೋಯುತ್ತದೆ, ಮಂಚದಿಂದ ಕಾಲು ಇಳಿಬಿಟ್ಟರೆ ಹಿತ ಎನ್ನುವ ಹಂತಕ್ಕೆ ಬಂದರೆ ದಿನ ಎಣಿಸುವಂತಿಲ್ಲ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡುವ ಸರಳ ಪರೀಕ್ಷೆ ಇದೆ. ಉತ್ತರ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ. ಹಳೆಯ ಶುಗರ್ ಇರುವವರಲ್ಲಿ ನಾಳದ ಗೋಡೆ ಗಡುಸಾಗಿ ಈ ಸಂಖ್ಯೆ ಸುಳ್ಳಾಗಿ ಹೆಚ್ಚು ಬರಬಹುದು. 1.4 ದಾಟಿದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳದೆ ರಕ್ತದ ಹರಿವನ್ನು ತೋರಿಸುವ ಕಾಲಿನ ಡಾಪ್ಲರ್ ಸ್ಕ್ಯಾನ್ ಬಗ್ಗೆ ಕೇಳಿ.

ಇನ್ನೂ ನಲವತ್ತೈದು ದಾಟದ ಗಂಡಸು, ಬೀಡಿ ಅಥವಾ ಸಿಗರೇಟು ಬಿಟ್ಟಿರಲಾರ, ನಡೆದರೆ ಅಂಗಾಲಿನ ಕಮಾನು ನೋಯುತ್ತದೆ, ಕಾಲ್ಬೆರಳು ತಣ್ಣಗೆ ನೀಲಿಯಾಗಿ ತುದಿಯಲ್ಲಿ ಹುಣ್ಣು. ಇದು ಬರ್ಜರ್ ಕಾಯಿಲೆಯ ಚಿತ್ರ. ನ್ಯೂಯಾರ್ಕಿನಲ್ಲಿ ಲಿಯೋ ಬರ್ಜರ್ 1908ರಲ್ಲಿ ವಿವರಿಸಿದ್ದರಿಂದ ಈ ಹೆಸರು. ಕೈಕಾಲುಗಳ ಸಣ್ಣ, ಮಧ್ಯಮ ನಾಳಗಳು ಉರಿಯೂತದಿಂದ ಮುಚ್ಚಿಕೊಳ್ಳುತ್ತವೆ. ಇದರ ಓಟವನ್ನು ನಿಲ್ಲಿಸುವ ಉಪಾಯ ಒಂದೇ, ತಂಬಾಕನ್ನು ಪೂರ್ತಿ ಬಿಡುವುದು. ಕಡಿಮೆ ಮಾಡಿದರೆ ಸಾಲದು, ದಿನಕ್ಕೆ ಒಂದೆರಡು ಬೀಡಿಯೂ ಕಾಯಿಲೆಯನ್ನು ಜೀವಂತ ಇಡುತ್ತದೆ. ಬೀಡಿ ಬಿಟ್ಟು ಗುಟ್ಕಾ ಹಿಡಿದರೂ ಅದೇ. ಬೆರಳಿನಿಂದ ಶುರುವಾಗಿ ಪಾದ, ಮೊಣಕಾಲವರೆಗೆ ಕತ್ತರಿಸಿಕೊಂಡವರಿದ್ದಾರೆ, ಹುಣ್ಣಾಗುವ ಮೊದಲೇ ಬಿಟ್ಟು ಕಾಲು ಉಳಿಸಿಕೊಂಡವರೂ ಇದ್ದಾರೆ.

ತೋಳಿನ ಮಾತು. ಒಂದೇ ಕೈ ತಣ್ಣಗಿದ್ದು, ಬಟ್ಟೆ ಒಣಹಾಕುವಾಗ, ಜಡೆ ಹೆಣೆಯುವಾಗ ಬೇಗ ಸೋತುಬಿಡುತ್ತದೆ, ಆ ಕೈಗೆ ಬಿಪಿ ಮಷಿನ್ ಕಟ್ಟಿದರೆ ಮತ್ತೆ ಮತ್ತೆ ಎರರ್ ತೋರಿಸುತ್ತದೆ ಎಂದಾದರೆ ಮಷಿನ್ ಬದಲಿಸುವ ಮೊದಲು ಇನ್ನೊಂದು ಕೈಗೆ ಕಟ್ಟಿ ನೋಡಿ. ಎರಡು ಕೈಗಳ ಬಿಪಿಯಲ್ಲಿ 10ಕ್ಕಿಂತ ಹೆಚ್ಚು ವ್ಯತ್ಯಾಸ ಪ್ರತಿಸಲವೂ ಬಂದರೆ ತೋರಿಸಬೇಕು. ಏಷ್ಯಾದ ಯುವತಿಯರಲ್ಲಿ ಹೆಚ್ಚಾಗಿ ಕಾಣುವ ಟಕಾಯಾಸು ಕಾಯಿಲೆ ದೊಡ್ಡ ನಾಳಗಳನ್ನು ಕಿರಿದು ಮಾಡಿ ಮಣಿಕಟ್ಟಿನ ನಾಡಿಯನ್ನೇ ಅಡಗಿಸಿಬಿಡುತ್ತದೆ. ಕುತ್ತಿಗೆ ಬುಡದಲ್ಲಿ ಹುಟ್ಟಿನಿಂದಲೇ ಇರುವ ಹೆಚ್ಚುವರಿ ಪಕ್ಕೆಲುಬು ನಾಳವನ್ನು ಒತ್ತಿದರೂ ಕೈ ಎತ್ತಿದಾಗ ತಣ್ಣಗಾಗುತ್ತದೆ.

ಬೆರಳಿನ ಬಣ್ಣ

ಚಳಿಗೆ ಅಥವಾ ಮನಸ್ಸಿನ ಒತ್ತಡಕ್ಕೆ ಬೆರಳು ಮೊದಲು ಬೆಳ್ಳಗೆ, ಆಮೇಲೆ ನೀಲಿ, ಬೆಚ್ಚಗಾಗುತ್ತಾ ಕೆಂಪಗಾಗಿ ಉರಿದು ಜುಮುಗುಟ್ಟಿದರೆ ಅದು ರೇನೋ. ಫ್ರೆಂಚ್ ವೈದ್ಯ ಮೋರಿಸ್ ರೇನೋ 1862ರ ತಮ್ಮ ಪ್ರಬಂಧದಲ್ಲಿ ಇದನ್ನು ಬರೆದರು. ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತೆಗೆದಷ್ಟಕ್ಕೇ, ಮುಂಜಾನೆ ತಣ್ಣೀರಿನಲ್ಲಿ ಅಕ್ಕಿ ತೊಳೆದಷ್ಟಕ್ಕೇ ಶುರುವಾಗಬಹುದು. ಬೆಳ್ಳಗಾದ ಭಾಗಕ್ಕೂ ಉಳಿದ ಬೆರಳಿಗೂ ನಡುವೆ ಗೆರೆ ಎಳೆದಂತೆ ಅಂಚು ಕಾಣುವುದೇ ಗುರುತು. ಕಪ್ಪು ಮೈಬಣ್ಣದವರಲ್ಲಿ ಬೆಳ್ಳಗಾಗುವುದು ಬೂದು ಬಣ್ಣವಾಗಿ ಕಾಣಬಹುದು. ಬೆರಳಿನ ಅಂಗೈ ಬದಿ ಮತ್ತು ಉಗುರಿನಡಿ ನೋಡಬೇಕು. ಬರೀ ತಣ್ಣಗಿದ್ದು ಬಣ್ಣ ಬದಲಾಗದಿದ್ದರೆ ಅದು ರೇನೋ ಅಲ್ಲ.

ಹೆಚ್ಚಿನವರಲ್ಲಿ ಇದು ತಾನಾಗಿ ಬಂದದ್ದು: ಹದಿಹರೆಯದಿಂದ ಮೂವತ್ತರೊಳಗೆ ಶುರು, ಹೆಂಗಸರಲ್ಲಿ ಹೆಚ್ಚು, ಎರಡೂ ಕೈಗೆ ಸಮನಾಗಿ, ಹೆಬ್ಬೆರಳಿಗೆ ಸಾಮಾನ್ಯವಾಗಿ ರಿಯಾಯಿತಿ, ಹುಣ್ಣಿಲ್ಲ. ಇದು ಕಿರಿಕಿರಿ ಕೊಡುತ್ತದೆ, ಹಾನಿ ಮಾಡುವುದು ಕಡಿಮೆ. ಆದರೆ ಮೂವತ್ತೈದು ನಲವತ್ತರ ಮೇಲೆ ಹೊಸದಾಗಿ ಬಂದದ್ದು, ಒಂದು ಕೈಗೆ ಹೆಚ್ಚಾದದ್ದು, ಬೆರಳತುದಿಯಲ್ಲಿ ಹುಣ್ಣು ಮಾಡಿದ್ದು, ಜೊತೆಗೆ ಬೆರಳ ಚರ್ಮ ಬಿಗಿಯಾಗಿ ಉಂಗುರ ಹೊಂದದಂತಾದದ್ದು, ಕೀಲುನೋವು, ಬಿಸಿಲಿಗೆ ಮುಖದ ಮೇಲೆ ಕೆಂಪು, ನುಂಗಲು ತೊಂದರೆ, ಇವು ಇದ್ದರೆ ಹಿಂದೆ ಸ್ಕ್ಲೆರೋಡರ್ಮಾ ಅಥವಾ ಲೂಪಸ್ ಇರಬಹುದು, ಎರಡೂ ದೇಹದ ರೋಗನಿರೋಧಕ ಶಕ್ತಿ ತನ್ನ ಮೈಯ ಮೇಲೇ ತಿರುಗಿಬೀಳುವ ಕಾಯಿಲೆಗಳು. ರೇನೋ ಕಾಣಿಸಿಕೊಂಡ ಎಷ್ಟೋ ವರ್ಷದ ಮೇಲೆ ಸ್ಕ್ಲೆರೋಡರ್ಮಾ ಪ್ರಕಟವಾಗುವುದುಂಟು. ಸಂಧಿವಾತ ತಜ್ಞರು ಇಂಥ ಕಾಯಿಲೆಗಳ ಸುಳಿವು ಕೊಡುವ ಎಎನ್‌ಎ ರಕ್ತಪರೀಕ್ಷೆ ಮಾಡಿಸಿ, ಉಗುರಿನ ಬುಡದ ಸೂಕ್ಷ್ಮ ನಾಳಗಳನ್ನು ಹಿಗ್ಗಿಸಿ ನೋಡಿ ಮುಂಚೆಯೇ ಸುಳಿವು ಹಿಡಿಯಬಲ್ಲರು.

ಕಂಪಿಸುವ ಯಂತ್ರ ಹಿಡಿದು ದುಡಿಯುವವರಿಗೆ ಬರುವ ರೇನೋ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಅಮೆರಿಕದ ಇಂಡಿಯಾನಾದ ಬೆಡ್‌ಫರ್ಡ್‌ನಲ್ಲಿ ಗಾಳಿಯೊತ್ತಡದ ಸುತ್ತಿಗೆ ಬಳಸಿ ಸುಣ್ಣಕಲ್ಲು ಕೆತ್ತುವ ಕಾರ್ಮಿಕರ ಬೆರಳು ಬೆಳ್ಳಗಾಗುವುದನ್ನು ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲೇ ದಾಖಲಿಸಿದರು. ನಮ್ಮ ಇಳಕಲ್ಲು, ಕನಕಪುರ, ಚಾಮರಾಜನಗರದ ಗ್ರಾನೈಟ್ ಕೆಲಸದಲ್ಲಿ ಡ್ರಿಲ್ಲಿಂಗ್, ಗ್ರೈಂಡರ್ ಹಿಡಿಯುವವರು, ಮಲೆನಾಡಿನ ತೋಟಗಳಲ್ಲಿ ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಯಂತ್ರ ಹಿಡಿಯುವವರು ಬೆರಳು ಬಿಳುಪಾಗುವುದನ್ನು ಕಂಡರೆ ಅಲ್ಲಿಗೇ ಎಚ್ಚೆತ್ತುಕೊಳ್ಳಬೇಕು. ಆರಂಭದಲ್ಲಿ ಕೆಲಸ ಬದಲಿಸಿದರೆ ಹತೋಟಿಗೆ ಬರುತ್ತದೆ. ಅಂಗಿಯ ಗುಂಡಿ ಹಾಕಲು ಕಷ್ಟವಾಗುವಷ್ಟು ಬೆರಳು ಮರಗಟ್ಟಿದ ಮೇಲೆ ಹಿಂದಿರುಗುವುದು ಕಷ್ಟ.

ಲಂಡನ್ನಿಗೋ ಟೊರಾಂಟೋಗೋ ಹೋದ ಮೊದಲ ಚಳಿಗಾಲದಲ್ಲಿ ಕಾಲ್ಬೆರಳು ಕೆಂಪು ನೇರಳೆಯಾಗಿ ಊದಿ, ಹಾಸಿಗೆಯಲ್ಲಿ ಬೆಚ್ಚಗಾದೊಡನೆ ವಿಪರೀತ ತುರಿಸಿದರೆ ಅದು ಚಳಿಹುಣ್ಣು. ಹೀಟರ್ ಎದುರು ಪಾದ ಇಟ್ಟು ಬೇಗ ಕಾಯಿಸಿದಷ್ಟೂ ಹೆಚ್ಚುತ್ತದೆ. ಒಣಗಿದ ಉಣ್ಣೆಯ ಕಾಲುಚೀಲ, ನಿಧಾನದ ಬೆಚ್ಚನೆ ಸಾಕು. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಮಾಯುತ್ತದೆ.

ಬಣ್ಣ ಬದಲಾಗಿಲ್ಲ, ಎರಡೂ ಕಡೆ ತಣ್ಣಗೆ

ಕೈಕಾಲು ತಣ್ಣಗೆಂದು ಹೇಳುವ ಹೆಂಗಸರು ಎಲ್ಲಕ್ಕಿಂತ ಮೊದಲು ಹಿಮೋಗ್ಲೋಬಿನ್ ನೋಡಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ, ದೇಶದಲ್ಲಿ ಶೇ. 57. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಗರ್ಭಿಣಿಯಲ್ಲದ ಹೆಂಗಸರಿಗೆ 12, ಗರ್ಭಿಣಿಗೆ 11, ಗಂಡಸಿಗೆ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೆಳರೆಪ್ಪೆ ಎಳೆದು ನೋಡಿದರೆ ಬಿಳುಪು, ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಆಸೆ, ಇವು ಜೊತೆಗಿರುತ್ತವೆ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು, ಅದಕ್ಕೆ ಫೆರಿಟಿನ್ ಪರೀಕ್ಷೆ.

ಕಬ್ಬಿಣದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಮಾತ್ರೆ ತಿಂದೂ ಹಿಮೋಗ್ಲೋಬಿನ್ ಏರುತ್ತಿಲ್ಲ ಎನ್ನುವವರು ನುಂಗುವ ಹೊತ್ತನ್ನು ನೋಡಿಕೊಳ್ಳಲಿ. ಕಾಫಿ, ಚಹಾ ಜೊತೆ ಅಥವಾ ಕುಡಿದ ಕೂಡಲೇ ನುಂಗಿದರೆ ಬಹುಪಾಲು ಮೈಗೆ ಹತ್ತದೆ ಹೋಗುತ್ತದೆ. ಎರಡಕ್ಕೂ ನಡುವೆ ಒಂದೆರಡು ಗಂಟೆ ಇರಲಿ, ನಿಂಬೆಹಣ್ಣಿನ ಪಾನಕದೊಂದಿಗೆ ನುಂಗಿದರೆ ಒಳ್ಳೆಯದು. ಮಲ ಕಪ್ಪಗಾಗುವುದು ಮಾತ್ರೆಯಿಂದ, ಹೆದರಬೇಡಿ. ಆದರೆ ಮುಟ್ಟಿನಲ್ಲಿ ವಿಪರೀತ ಸ್ರಾವ, ಮೂಲವ್ಯಾಧಿಯ ರಕ್ತ, ಹೊಟ್ಟೆಹುಳು ಇವು ಹಾಗೇ ಇದ್ದರೆ ಮಾತ್ರೆಯೊಂದೇ ಸಾಲದು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ರಕ್ತಹೀನತೆ ಕಂಡರೆ ಹೊಟ್ಟೆ ಕರುಳಿನಲ್ಲಿ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು.

ಎರಡನೆಯದು ಥೈರಾಯ್ಡ್. ಇತರರು ಫ್ಯಾನ್ ಹಾಕುವಾಗ ನೀವು ಶಾಲು ಹೊದೆಯುತ್ತೀರಿ, ತೂಕ ಏರುತ್ತಿದೆ, ಮಲಬದ್ಧತೆ, ಚರ್ಮ ಒಣಗಿದೆ, ಕೂದಲು ಉದುರುತ್ತಿದೆ, ನಾಡಿ ನಿಧಾನ. ಟಿಎಸ್‌ಎಚ್ ಪರೀಕ್ಷೆ ಸಾಕು. ಹೆಚ್ಚಿನ ಲ್ಯಾಬ್‌ಗಳಲ್ಲಿ 0.4ರಿಂದ 4ರ ಆಸುಪಾಸು ಸಾಮಾನ್ಯ ಮಟ್ಟ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲವಾದರೆ ವರದಿ ತಪ್ಪಾಗಿ ಬಂದು ಥೈರಾಯ್ಡ್ ಕಡಿಮೆ ಇರುವುದು ಮುಚ್ಚಿಹೋಗಬಹುದು.

ತೀರಾ ತೆಳ್ಳಗಿರುವವರಿಗೆ, ಊಟ ಬಿಟ್ಟು ತೂಕ ಇಳಿಸುವವರಿಗೆ ಸುಡಲು ಉರುವಲೂ ಇಲ್ಲ, ಹೊದೆಯಲು ಕೊಬ್ಬೂ ಇಲ್ಲ. ಹೃದಯದ ಪಂಪು ದುರ್ಬಲವಾದವರಲ್ಲಿ ತಣ್ಣನೆ ಪಾದದ ಜೊತೆ ಪಾದ ಊದುವುದು, ಮಲಗಿದರೆ ಉಸಿರು ಕಟ್ಟುವುದು ಇರುತ್ತದೆ. ಅಂಗೈ ಸದಾ ಬೆವರಿ ಪರೀಕ್ಷೆಯ ಉತ್ತರಪತ್ರಿಕೆ ಒದ್ದೆಯಾಗುವ ಹುಡುಗರಲ್ಲಿ ಬೆವರು ಆರುವಾಗ ಕೈಯ ಬಿಸಿಯನ್ನು ಒಯ್ಯುತ್ತದೆ, ಅಲ್ಲಿ ಚಿಕಿತ್ಸೆ ಬೆವರಿಗೆ. ಅದಕ್ಕೆ ಚರ್ಮವೈದ್ಯರಿದ್ದಾರೆ.

ಮಾತ್ರೆ ಡಬ್ಬಿ ನೋಡಿದಿರಾ?

ತಣ್ಣಗಾಗಲು ಶುರುವಾದ ತಿಂಗಳಿಗೂ ಹೊಸ ಮಾತ್ರೆ ಶುರುವಾದ ತಿಂಗಳಿಗೂ ತಾಳೆ ಹಾಕಿ. ಬಿಪಿ, ಹೃದಯ, ಮೈಗ್ರೇನ್, ಕೈನಡುಕಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ಗಳ ಗುಂಪು ಬೆರಳ ನಾಳಗಳನ್ನು ಕುಗ್ಗಿಸಬಲ್ಲದು. ಮೈಗ್ರೇನ್‌ಗೆ ಬಳಸುವ ಎರ್ಗೊಟಮಿನ್ ಇನ್ನೂ ಜೋರು. ನೆಗಡಿ ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್ ಮೂಗಿನ ನಾಳವನ್ನು ಕುಗ್ಗಿಸುವಾಗ ಬೆರಳನ್ನೂ ಬಿಡುವುದಿಲ್ಲ. ಅಟೆನೊಲಾಲ್ ಗುಂಪಿನ ಮಾತ್ರೆಯನ್ನು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಬಿಪಿ ಏರಬಹುದು, ಎದೆನೋವು ಬರಬಹುದು. ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಬದಲಿ ಔಷಧ ಇದೆ.

ಎಲ್ಲ ಸರಿಯಿದ್ದೂ ತಣ್ಣಗಿದ್ದರೆ

ಹಿಮೋಗ್ಲೋಬಿನ್, ಟಿಎಸ್‌ಎಚ್, ಶುಗರ್, ಬಿ12 ಸರಿ, ನಾಡಿ ಚೆನ್ನಾಗಿದೆ, ಚಿಕ್ಕಂದಿನಿಂದಲೂ ಹೀಗೇ, ಅಮ್ಮನಿಗೂ ಹೀಗೇ. ಇಂಥವರು ಬಹಳ ಮಂದಿ ಇದ್ದಾರೆ. ಇದು ಅವರ ಮೈಯ ಗುಣ, ರೋಗವಲ್ಲ. ಬೆಂಗಳೂರಿನ ಚಳಿ ಎಷ್ಟರದು ಎಂದು ನಗುವವರಿದ್ದಾರೆ (1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿಗೆ ಇಳಿದದ್ದೇ ಈವರೆಗಿನ ಕನಿಷ್ಠ). ಆದರೆ ಎಸಿ ಗಾಳಿ ನೇರ ಕೈಮೇಲೆ ಬೀಳುವ ಜಾಗದಲ್ಲಿ ಕೂತು ದಿನವಿಡೀ ಕೀಬೋರ್ಡ್ ಒತ್ತುವವರಿಗೆ, ಜನವರಿಯ ಬೆಳಿಗ್ಗೆ ಸ್ಕೂಟರ್ ಓಡಿಸುವವರಿಗೆ, ಬೀದರಿನ ಡಿಸೆಂಬರ್‌ನಲ್ಲಿ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಓಡಾಡುವವರಿಗೆ ಆ ಚಳಿ ಸಾಕು.

ಕೈ ಬೆಚ್ಚಗಾಗಬೇಕಾದರೆ ಮೊದಲು ಎದೆ, ಹೊಟ್ಟೆ, ತಲೆ ಬೆಚ್ಚಗಾಗಬೇಕು. ಒಳಗೆ ಬಿಸಿ ಸಾಕಷ್ಟಿದೆ ಎಂದು ಗೊತ್ತಾದರೆ ಮಾತ್ರ ದೇಹ ಬೆರಳಿಗೆ ರಕ್ತ ಬಿಡುತ್ತದೆ. ಎರಡು ಕೈಗವಸಿಗಿಂತ ಒಂದು ಒಳ ಬನಿಯನ್, ಒಂದು ಟೋಪಿ ಹೆಚ್ಚು ಕೆಲಸ ಮಾಡುತ್ತದೆ. ಕೈಗವಸನ್ನು ಕೈ ತಣ್ಣಗಾದ ಮೇಲೆ ಹಾಕಿದರೆ ತಣ್ಣಗೇ ಉಳಿಯುತ್ತದೆ, ಮನೆಯಿಂದ ಹೊರಡುವ ಮೊದಲೇ ಹಾಕಿ. ಮನೆಯೊಳಗೂ ಚಪ್ಪಲಿ ಇರಲಿ. ಕಾಲುಚೀಲದ ಅಂಚು ಮೀನಖಂಡದ ಮೇಲೆ ಅಚ್ಚೊತ್ತುವಷ್ಟು ಬಿಗಿ ಇರಬಾರದು. ತಂಬಾಕು ಯಾವ ರೂಪದಲ್ಲೂ ಬೇಡ, ನಿಕೋಟಿನ್ ನಾಳವನ್ನು ಹಿಂಡುತ್ತದೆ. ರೇನೋ ಬಂದ ಹೊತ್ತಿನಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಡಿ, ಇಲ್ಲವೇ ಕಂಕುಳಲ್ಲಿ ಹುದುಗಿಸಿಕೊಳ್ಳಿ, ಭುಜದಿಂದ ತೋಳನ್ನು ಗರಗರ ತಿರುಗಿಸಿ. ಪದೇ ಪದೇ ಬಂದು ಕೆಲಸ ಕೆಡಿಸುತ್ತಿದ್ದರೆ ವೈದ್ಯರು ನಾಳ ಹಿಗ್ಗಿಸುವ ನಿಫೆಡಿಪಿನ್ ಮಾತ್ರೆ ಕೊಡಬಹುದು.

ವೈದ್ಯರ ಬಳಿ ಹೋಗುವಾಗ ಬೆರಳು ಬಣ್ಣ ಬದಲಿಸಿದ ಹೊತ್ತಿನಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೋ ಒಯ್ಯಿರಿ, ಏಕೆಂದರೆ ಬೆಚ್ಚನೆಯ ಕ್ಲಿನಿಕ್‌ನಲ್ಲಿ ಬೆರಳು ಎಲ್ಲರ ಬೆರಳಿನಂತೆಯೇ ಇರುತ್ತದೆ. ನುಂಗುವ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಳ್ಳಿ. ಎರಡೂ ಕಾಲಿನ ಚೀಲ ಬಿಚ್ಚಿ ತೋರಿಸಿ, ನೋಯುವ ಕಾಲು ಒಂದೇ ಆಗಿದ್ದರೂ.